ಗೂಗಲ್‌ಗೆ ದಂಡ ಬಿದ್ದರೂ ಪ್ಲೇ ಸ್ಟೋರ್ ಕಮಿಷನ್ ಯಾಕೆ ಇಳಿದಿಲ್ಲ?

ಕೋಡುಬಳೆ:
2022ರ ಅಕ್ಟೋಬರ್‌ನಲ್ಲಿ ಒಂದೇ ವಾರದೊಳಗೆ ಸಿಸಿಐ (ಭಾರತೀಯ ಸ್ಪರ್ಧಾ ಆಯೋಗ) ಗೂಗಲ್‌ಗೆ ಎರಡು ದಂಡ ಹಾಕಿತು. ಆಂಡ್ರಾಯ್ಡ್ ಪ್ರಕರಣದಲ್ಲಿ 1,337.76 ಕೋಟಿ, ಪ್ಲೇ ಬಿಲ್ಲಿಂಗ್ (ಆಪ್ ಒಳಗಿನ ಖರೀದಿಗೆ ಗೂಗಲ್‌ನದೇ ಪಾವತಿ ವ್ಯವಸ್ಥೆ) ಪ್ರಕರಣದಲ್ಲಿ 936.44 ಕೋಟಿ ರೂಪಾಯಿ. ಆಮೇಲೆ ಬೇರೆ ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ಪಡೆದುಕೊಡೋ ಸೇವೆ) ಹಾಕಿಕೊಳ್ಳೋದಕ್ಕೂ ದಾರಿ ಆಯ್ತು. ಆದರೂ ಸಬ್‌ಸ್ಕ್ರಿಪ್ಷನ್ ಮಾರುವ ಸಣ್ಣ ಆಪ್‌ಗಳ ಕೈಗೆ ಹೆಚ್ಚೇನೂ ಬರ್ತಿಲ್ಲ. ತಿಂಗಳಿಗೆ 100 ರೂಪಾಯಿ ಪ್ಲಾನ್ ಅಂತ ಇಟ್ಕೊಳ್ಳಿ, ಸ್ವಂತ ಗೇಟ್‌ವೇ ಹಾಕಿದರೆ ನಿಜಕ್ಕೂ ಎಷ್ಟು ಉಳಿಯುತ್ತೆ? ಕಮಿಷನ್ ದರವೇ ಅನ್ಯಾಯ ಅಂತ ಕೇಸ್ ಹಾಕಬಹುದಾ?

ಲೆಕ್ಕಿಗ:
ನಿಮ್ಮ ಮಾರಾಟದ ಮೇಲಿನ ಜಿಎಸ್‌ಟಿ ಪಕ್ಕಕ್ಕಿಟ್ಟು ನೋಡಿ. ಸಬ್‌ಸ್ಕ್ರಿಪ್ಷನ್‌ಗೆ ಪ್ಲೇ ಬಿಲ್ಲಿಂಗ್‌ನಲ್ಲಿ ಹೋಗೋದು 15 ರೂಪಾಯಿ. ಗೂಗಲ್‌ನ ‘ಯೂಸರ್ ಚಾಯ್ಸ್ ಬಿಲ್ಲಿಂಗ್’ ಯೋಜನೆಗೆ ಸೇರಿ, ಗ್ರಾಹಕ ನಿಮ್ಮ ಗೇಟ್‌ವೇ ಆರಿಸಿಕೊಂಡರೆ ಗೂಗಲ್ ಬಿಡೋದು ಬರೀ 4, ಅಂದರೆ 11 ಅದಕ್ಕೇ ಹೋಯ್ತು. ಗೇಟ್‌ವೇ 2% ತಗೊಂಡರೆ ಅದರ ಮೇಲೆ 18% ಜಿಎಸ್‌ಟಿ ಸೇರಿ 2.36. ಒಟ್ಟು 13.36. ಉಳಿದದ್ದು 1 ರೂಪಾಯಿ 64 ಪೈಸೆ! ಇನ್‌ಪುಟ್ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳೋ ಸೌಲಭ್ಯ) ಪಡೆಯೋರಿಗೆ 2 ರೂಪಾಯಿ.

ಈ ಎರಡು ರೂಪಾಯಿಗೆ ತಲೆಮೇಲೆ ಬರೋ ಕೆಲಸ ಕೇಳಿ. ಹೊರಗಿನ ಪ್ರತಿ ಪಾವತಿಯನ್ನೂ 24 ಗಂಟೆಯೊಳಗೆ ಎಪಿಐ (ಎರಡು ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳೋ ಕೊಂಡಿ) ಮೂಲಕ ಗೂಗಲ್‌ಗೆ ವರದಿ ಮಾಡಬೇಕು. ರೀಫಂಡ್ ಕೊಟ್ಟು ಅದನ್ನು ವರದಿ ಮಾಡಲು ಮರೆತರೆ, ವಾಪಸ್ ಕೊಟ್ಟ ದುಡ್ಡಿಗೂ ಕಮಿಷನ್ ಕಟ್ಟುತ್ತೀರಿ. ಆಟೋ ಡೆಬಿಟ್‌ಗೆ 24 ಗಂಟೆ ಮೊದಲೇ ಗ್ರಾಹಕನಿಗೆ ಸೂಚನೆ ಹೋಗಬೇಕು, ಇದು ಆರ್‌ಬಿಐ ನಿಯಮ. ಬ್ಯಾಲೆನ್ಸ್ ಇಲ್ಲದೆ ಡೆಬಿಟ್ ಫೇಲಾದರೆ ಮತ್ತೆ ಯಾವಾಗ ಪ್ರಯತ್ನಿಸಬೇಕು, ಅಲ್ಲಿವರೆಗೆ ಆಪ್ ತೆರೆದಿಡಬೇಕಾ ಅನ್ನೋದನ್ನೆಲ್ಲ ನೀವೇ ಕೋಡ್ ಮಾಡಬೇಕು. ಪ್ಲೇ ಬಿಲ್ಲಿಂಗ್‌ನಲ್ಲಿ ಗ್ರೇಸ್ ಪೀರಿಯಡ್ (ದುಡ್ಡು ಬರದಿದ್ದರೂ ಕೆಲ ದಿನ ಚಂದಾ ತೆರೆದಿಡೋದು), ಅಕೌಂಟ್ ಹೋಲ್ಡ್ (ದುಡ್ಡು ಬರೋವರೆಗೆ ಚಂದಾ ತಡೆಹಿಡಿಯೋದು) ಸಿದ್ಧವಾಗೇ ಇರುತ್ತೆ. ಎರಡೂ ಕಡೆಯ ಚಂದಾದಾರರ ದಾಖಲೆ ಒಂದೇ ಡೇಟಾಬೇಸ್‌ನಲ್ಲಿ ಇಲ್ಲದಿದ್ದರೆ ಒಬ್ಬನೇ ಎರಡು ಸಲ ದುಡ್ಡು ಕಟ್ಟಿ ಜಗಳಕ್ಕೆ ಬರ್ತಾನೆ. ಸಣ್ಣ ಆಪ್‌ಗೆ ಇದು ಗಿಟ್ಟೋ ವ್ಯವಹಾರ ಅಲ್ಲ.

ಕಲಂ ನಾಲ್ಕು:
ಕಾನೂನಿನ ಕಡೆಯಿಂದ. ಸಿಸಿಐ ತಪ್ಪು ಅಂದದ್ದು ತನ್ನದೇ ಬಿಲ್ಲಿಂಗ್ ಬಳಸಲೇಬೇಕೆಂದು ಗೂಗಲ್ ಹೇರಿದ್ದನ್ನು. ಕಮಿಷನ್ ಇಷ್ಟೇ ಇರಬೇಕು ಅಂತ ಆ ಆದೇಶ ಎಲ್ಲೂ ದರ ಕಟ್ಟಿಲ್ಲ. ಹಾಗಾಗಿ ಗೂಗಲ್ ಬಿಲ್ಲಿಂಗ್ ಕಡ್ಡಾಯ ಸಡಿಲಿಸಿತು, ಶುಲ್ಕ ಉಳಿಸಿಕೊಂಡಿತು.

ದರದ ವಿಷಯಕ್ಕೂ ಹೋರಾಟ ನಡೆದಿದೆ. ಸ್ಟಾರ್ಟಪ್‌ಗಳು ಮದ್ರಾಸ್ ಹೈಕೋರ್ಟ್‌ಗೆ ಹೋದವು. ಇದು ಸಿಸಿಐ ನೋಡಬೇಕಾದ ವಿಷಯ ಎಂದು 2023ರಲ್ಲಿ ಅರ್ಜಿಗಳು ವಜಾ ಆದವು. 2024ರ ಮಾರ್ಚ್ 1ರಂದು ಶುಲ್ಕ ಕಟ್ಟದ ಕೆಲವು ಕಂಪನಿಗಳ ಆಪ್‌ಗಳನ್ನು ಗೂಗಲ್ ಸ್ಟೋರ್‌ನಿಂದ ತೆಗೆದುಹಾಕಿತು. ಸರ್ಕಾರ ಮಧ್ಯೆ ಬಂದ ಮೇಲೆ ಮತ್ತೆ ಸೇರಿಸಿತು. ಅದೇ ತಿಂಗಳು ಸಿಸಿಐ ದರದ ಬಗ್ಗೆ ತನಿಖೆಗೆ ಆದೇಶಿಸಿತು, ಆದರೆ ಮಧ್ಯಂತರ ಪರಿಹಾರ ಕೊಡಲಿಲ್ಲ.

ದಂಡದ ಕಥೆಯೂ ಕೇಳಿ. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎನ್‌ಸಿಎಲ್‌ಎಟಿ 936.44 ಕೋಟಿಯನ್ನು 216.69 ಕೋಟಿಗೆ ಇಳಿಸಿತು. ಗೂಗಲ್‌ನ ಭಾರತದ ಪೂರ್ತಿ ವಹಿವಾಟಿನ ಬದಲು ಪ್ಲೇ ಸ್ಟೋರ್‌ನ ವಹಿವಾಟನ್ನಷ್ಟೇ ಲೆಕ್ಕಕ್ಕೆ ತಗೊಂಡದ್ದು ಕಾರಣ. 2023ರ ತಿದ್ದುಪಡಿ ಜಾಗತಿಕ ವಹಿವಾಟಿನ ಮೇಲೆ ದಂಡ ಹಾಕಲು ಅವಕಾಶ ಕೊಟ್ಟಿದೆ, ಹೊಸ ಕೇಸುಗಳಲ್ಲಿ ಆಟ ಬೇರೆಯಾಗಬಹುದು.

ಮಂಡಿಪೇಟೆ:
ಇದಕ್ಕೇ ಡಿಜಿಟಲ್ ಕಾಂಪಿಟಿಷನ್ ಬಿಲ್ ಬೇಕು ಅನ್ನೋದು. ಪ್ಲೇ ಬಿಲ್ಲಿಂಗ್ ತನಿಖೆ ಶುರುವಾದದ್ದು 2020ರ ನವೆಂಬರ್‌ನಲ್ಲಿ, ಮೇಲ್ಮನವಿಯ ತೀರ್ಪು 2025ರಲ್ಲಿ, ಆಮೇಲೆ ಸುಪ್ರೀಂ ಕೋರ್ಟ್. ಅಷ್ಟರಲ್ಲಿ ಎಷ್ಟು ಆಪ್‌ಗಳು ಬಾಗಿಲು ಹಾಕಿರುತ್ತವೋ. 2024ರ ಕರಡಿನಲ್ಲಿ ದೊಡ್ಡ ಕಂಪನಿಗಳನ್ನು ಮೊದಲೇ ಗುರುತಿಸಿ, ಮಾಡಬಾರದ್ದನ್ನು ಮೊದಲೇ ಬರೆದಿಡುವ ವ್ಯವಸ್ಥೆ ಇದೆ.

ಕಲಂ ನಾಲ್ಕು:
ವೇಗದ ಮಾತು ಒಪ್ಪುತ್ತೇನೆ. ಆದರೆ ಕರಡಿನ ಮಿತಿ ನೋಡಿ: ಭಾರತದಲ್ಲಿ 4,000 ಕೋಟಿ ವಹಿವಾಟು, ಜೊತೆಗೆ 1 ಕೋಟಿ ಬಳಕೆದಾರರು ಇದ್ದರೆ ಸಾಕು. ಬಳಕೆದಾರರ ಲೆಕ್ಕದಲ್ಲಿ 1 ಕೋಟಿ ನಮ್ಮ ದೇಶಕ್ಕೆ ಏನೇನೂ ಅಲ್ಲ. ಗೂಗಲ್‌ಗೆ ಅಂತ ಬೀಸಿದ ಬಲೆಗೆ ಬೆಂಗಳೂರಿನ ಕಂಪನಿಗಳೂ ಬೀಳುತ್ತವೆ. ಮಿತಿ ಏರಿಸದೆ ಇದು ಕಾನೂನಾಗೋದು ನನಗಂತೂ ಸರಿ ಕಾಣೋದಿಲ್ಲ.

ಮಂಡಿಪೇಟೆ:
ಬೀಳಲಿ ಬಿಡಿ. ಫ್ಲಿಪ್‌ಕಾರ್ಟ್, ಅಮೆಜಾನ್ ಮೇಲೆ ಸಿಸಿಐ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು, ಮರುತಿಂಗಳೇ ಕರ್ನಾಟಕ ಹೈಕೋರ್ಟ್‌ನಲ್ಲಿ ತಡೆ. ಅದು ತೆರವಾಗಿ ಸುಪ್ರೀಂ ಕೋರ್ಟ್ ದಾಟಿ ಬರೋ ಹೊತ್ತಿಗೆ 2021ರ ಆಗಸ್ಟ್. ಫ್ಲಿಪ್‌ಕಾರ್ಟ್ ನಮ್ಮ ಬೆಂಗಳೂರಿನದೇ ಅಂತ ಸಣ್ಣ ಅಂಗಡಿಯವರಿಗೇನು ರಿಯಾಯಿತಿ ಸಿಕ್ಕಿತ್ತಾ?

ಕೋಡುಬಳೆ:
ಸರಿ, ಬಿಲ್ ಬರೋವರೆಗೆ ಸಣ್ಣವರು ಏನು ಮಾಡೋದು?

ಲೆಕ್ಕಿಗ:
ಪ್ಲಾನ್ ವೆಬ್‌ಸೈಟಿನಲ್ಲಿ ಮಾರಿ, ಆಪ್‌ನಲ್ಲಿ ಲಾಗಿನ್ ಮಾತ್ರ ಇಡಿ. ಆಪ್ ಒಳಗೆ ಖರೀದಿಯೇ ಇಲ್ಲದಿದ್ದರೆ ಪ್ಲೇ ಕಮಿಷನ್ ಇಲ್ಲ, ಗೇಟ್‌ವೇಯ 2.36 ಕಳೆದು ನೂರಕ್ಕೆ 97.64 ನಿಮಗೇ. ‘ಇಲ್ಲಿ ಒತ್ತಿ ಕೊಳ್ಳಿ’ ಅನ್ನೋ ಲಿಂಕ್ ಆಪ್ ಒಳಗೆ ಹಾಕಲು ಹೋಗಬೇಡಿ, ಅಪ್‌ಡೇಟ್ ರಿವ್ಯೂನಲ್ಲೇ ತಿರಸ್ಕೃತವಾಗಬಹುದು. ಆಪ್‌ನಿಂದ ಹೊರಗೆ ಹೋಗಿ ಕೊಳ್ಳುವವರು ಕಡಿಮೆಯೇ, ಆದ್ದರಿಂದ ತಿಂಗಳ ಪ್ಲಾನ್‌ಗಿಂತ ವರ್ಷದ ಪ್ಲಾನ್‌ಗೆ ಈ ದಾರಿ ಹೊಂದುತ್ತೆ.