ಸ್ಕೂಲ್ ಗೇಟ್ ಮುಂದೆ ಎಂಜಿನ್ ಆಫ್ ಮಾಡಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತಾ?

ಯುಕೆಜಿ ಅಮ್ಮ:
ದಿನಾ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಬರಲು ಹೋಗುತ್ತೇನೆ. ಗೇಟ್ ಮುಂದೆ ಹತ್ತು ಹನ್ನೆರಡು ಕಾರು, ಎರಡು ವ್ಯಾನು. ಬೆಲ್ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷ ಇದ್ದರೂ ಒಂದೂ ಆಫ್ ಆಗಿರುವುದಿಲ್ಲ. ಎಲ್ಲದರಲ್ಲೂ ಎಸಿ. ವ್ಯಾನ್ ನಿಲ್ಲುವ ಜಾಗದಲ್ಲಿ, ಸೈಲೆನ್ಸರ್ ಎದುರಿಗೆ, ಕಾಂಪೌಂಡ್ ಗೋಡೆ ಮೇಲೆ ಊಟದ ತಟ್ಟೆಯಷ್ಟಗಲ ಕರಿ ಕಲೆ ಆಗಿದೆ. ನಿನ್ನೆ ಬೆರಳಿಂದ ಒರೆಸಿ ನೋಡಿದೆ, ಹಂಡೆ ಮಸಿ ಥರ ಹತ್ತಿಕೊಂಡಿತು. ಮಕ್ಕಳು ಸಾಲಾಗಿ ನಿಲ್ಲುವುದೂ ಅದೇ ಗೋಡೆ ಪಕ್ಕ. ಒಬ್ಬರಿಗೆ ಹೇಳಿದ್ದಕ್ಕೆ "ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೇ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಮೇಡಂ" ಅಂದರು. ನಿಜಾನಾ?

ಸ್ಪ್ಯಾನರ್:
ಇಲ್ಲ ಮೇಡಂ. ಅದು ಕಾರ್ಬುರೇಟರ್ ಕಾಲದ ಮಾತು, ಚೋಕ್ ಎಳೆದು ಆಕ್ಸಿಲರೇಟರ್ ತುಳಿದು ಸ್ಟಾರ್ಟ್ ಮಾಡುತ್ತಿದ್ದಾಗಿನದು. ಈಗಿನ ಕಾರೆಲ್ಲ ಇಂಜೆಕ್ಷನ್, ಅಂದರೆ ಕಂಪ್ಯೂಟರೇ ಅಳೆದು ಬೇಕಾದಷ್ಟೇ ಪೆಟ್ರೋಲ್ ಚಿಮ್ಮಿಸುತ್ತೆ. ಹತ್ತು ಸೆಕೆಂಡಿಗಿಂತ ಜಾಸ್ತಿ ನಿಲ್ಲುವುದಾದರೆ ಆಫ್ ಮಾಡುವುದೇ ಲಾಭ. ಎಸಿ ಹಾಕಿಕೊಂಡು ಸುಮ್ನೆ ನಿಂತ ಸಣ್ಣ ಕಾರು ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತೆ. ಇಪ್ಪತ್ತು ನಿಮಿಷಕ್ಕೆ ಕಾಲು ಲೀಟರ್ ಅಂತಲೇ ಇಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ಮುಕ್ಕಾಲು ಕೆಜಿಯೂ ತೂಗದ ಪೆಟ್ರೋಲಿನಿಂದ ಅಷ್ಟು ಹೇಗೆ ಅಂತ ಎಲ್ಲರೂ ಕೇಳುತ್ತಾರೆ, ಗಾಳಿಯ ಆಕ್ಸಿಜನ್ ಸೇರಿಕೊಂಡು ತೂಕ ಏರುತ್ತೆ ಅಷ್ಟೇ. ವರ್ಷಕ್ಕೆ 200 ದಿನ ಸ್ಕೂಲು ಅಂದರೆ ಒಂದು ಕಾರಿಗೆ 50 ಲೀಟರ್, 115 ಕೆಜಿ ಕಾರ್ಬನ್ ಡೈಆಕ್ಸೈಡ್. ಒಂದು ಕಿಲೋಮೀಟರ್ ಕೂಡ ಓಡದೆ!

ಹಳದಿ ಬೋರ್ಡ್:
ನಾನು ಕ್ಯಾಬ್ ಓಡಿಸುತ್ತೇನೆ. ಏಪ್ರಿಲ್ ಬಿಸಿಲಲ್ಲಿ ಎಸಿ ಇಲ್ಲದ ಕಾರು ಕಾದ ಹಂಚು ಇದ್ದ ಹಾಗೆ, ಅದನ್ನೂ ಯೋಚಿಸಿ. ನಾನು ಮೊದಲು ಆನ್‌ನಲ್ಲೇ ಕಾಯುತ್ತಿದ್ದೆ, ಈಗ ಹೊಂಗೆ ಮರ ಹುಡುಕಿ ಅದರ ಕೆಳಗೆ ನಿಲ್ಲಿಸಿ ನಾಲ್ಕೂ ಗ್ಲಾಸ್ ಇಳಿಸುತ್ತೇನೆ. ಆದರೆ ರಸ್ತೆ ಅಗಲ ಮಾಡಿದ ಕಡೆಯೆಲ್ಲ ಮರ ಎಲ್ಲಿದೆ ಹೇಳಿ? ನೆರಳಿದ್ದರೆ ಅರ್ಧ ಜನ ತಾವಾಗಿಯೇ ಆಫ್ ಮಾಡುತ್ತಾರೆ.

ಕೊಟ್ಟಿಗೆಹಾರ:
ಇನ್ನೊಂದು ತಪ್ಪು ನಂಬಿಕೆ. ಚಾರ್ಮಾಡಿ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುತ್ತಾರೆ. ಇಂಜೆಕ್ಷನ್ ಗಾಡಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತೆ. ನ್ಯೂಟ್ರಲ್ ಮಾಡಿದಾಗಲೇ ಎಂಜಿನ್ ಓಡಲು ಪೆಟ್ರೋಲ್ ಬೇಕು, ಮೇಲಿಂದ ಬ್ರೇಕ್ ಕಾದು ಹಿಡಿಯದೇ ಹೋಗುವ ಅಪಾಯ. ದಯವಿಟ್ಟು ಮಾಡಬೇಡಿ.

ಯುಕೆಜಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ದೆಹಲಿಯಲ್ಲಿ 2020ರಲ್ಲಿ 'ರೆಡ್ ಲೈಟ್ ಆನ್, ಗಾಡಿ ಆಫ್' ಅಂತ ಸಿಗ್ನಲ್‌ಗಳಲ್ಲಿ ಬೋರ್ಡ್ ಹಿಡಿದು ನಿಂತಿದ್ದರಲ್ಲ, ಹಾಗೇ ಮಗಳ ಕೈಲಿ ಒಂದು ಬೋರ್ಡ್ ಬರೆಸಿದೆ. ವ್ಯಾನ್ ಅಣ್ಣ ನೋಡಿ ತಕ್ಷಣ ಆಫ್ ಮಾಡಿದರು. "ಬ್ಯಾಟರಿ ಕೂತುಬಿಟ್ಟರೆ ನೀವೇ ತಳ್ಳಬೇಕು" ಅಂತಲೂ ಅಂದರು. ಬ್ಯಾಟರಿ ಹೋಗುತ್ತಾ?

ಸ್ಪ್ಯಾನರ್:
ಬ್ಯಾಟರಿ ಚೆನ್ನಾಗಿದ್ದರೆ ದಿನಕ್ಕೆ ಒಂದು ಸ್ಟಾರ್ಟ್ ಜಾಸ್ತಿ ಆದರೆ ಏನೂ ಆಗಲ್ಲ. ಎಂಜಿನ್ ಆಫ್ ಮಾಡಿ ಫ್ಯಾನು, ಹಾಡು ಹಾಕಿಟ್ಟರೆ ಮಾತ್ರ ಇಳಿಯುತ್ತೆ. ಕೀ ಪೂರ್ತಿ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಳ್ಳಲು ಹೇಳಿ.