ಫರೋಹನ ಹೃದಯ ಕಠಿಣ ಮಾಡಿದ್ದು ದೇವರೇ ಆದರೆ ತಪ್ಪು ಯಾರದು?

ಸಾಸಿವೆಕಾಳು:
ಬೈಬಲ್ ಅಧ್ಯಯನ ಗುಂಪಿಗೆ ವಿಮೋಚನಕಾಂಡ 5ರಿಂದ 14ರವರೆಗೆ ಓದಿಸಬೇಕು. ವಿಷಯ, ದೇವರೆದುರು ಹಟ. ಆದರೆ ಇಸ್ರಾಯೇಲರನ್ನು ಬಿಟ್ಟು ಕಳಿಸಲೊಪ್ಪದ ಐಗುಪ್ತದ (ಈಜಿಪ್ಟಿನ) ಅರಸ ಫರೋಹನ ಹೃದಯವನ್ನು ತಾನೇ ಕಠಿಣಪಡಿಸುತ್ತೇನೆಂದು ದೇವರು 4:21ರಲ್ಲೇ (4ನೇ ಅಧ್ಯಾಯ, 21ನೇ ವಚನ) ಹೇಳುತ್ತಾನೆ. ಹಾಗಿದ್ದರೆ ಫರೋಹನನ್ನು ದೂರುವುದು ಹೇಗೆ?

ಹಳೆಓದುಗ:
ಐಗುಪ್ತದ ಮೇಲೆ ದೇವರು ಬರಮಾಡಿದ ಬಾಧೆಗಳನ್ನು ಎಣಿಸುತ್ತಾ ಓದಿ. ರಕ್ತ, ಕಪ್ಪೆ, ಹೇನು, ನೊಣ, ಜಾನುವಾರುಗಳ ಸಾವು: ಈ ಐದರಲ್ಲೂ ಹೃದಯ ಕಠಿಣವಾಯಿತು, ಇಲ್ಲವೇ ಅವನೇ ಕಠಿಣ ಮಾಡಿಕೊಂಡ ಎಂದಿದೆ. ಬಾಧೆಗಳು ಶುರುವಾದ ಮೇಲೆ 'ಯೆಹೋವನು ಕಠಿಣ ಮಾಡಿದನು' ಎಂಬ ಮಾತು ಮೊದಲು ಸಿಗುವುದು ಆರನೆಯದರಲ್ಲಿ, ಹುಣ್ಣಿನ ಬಾಧೆಯಲ್ಲಿ (9:12). 4:21, 7:3 ಮುಂದಾಗುವುದನ್ನು ಹೇಳುತ್ತವೆ. ಇಷ್ಟರಿಂದಲೇ ಪ್ರಶ್ನೆ ಪೂರ್ತಿ ಬಗೆಹರಿಯದು. ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಪೌಲನೂ ಇದನ್ನೇ ಎತ್ತಿಕೊಳ್ಳುತ್ತಾನೆ. ಆದರೆ ಒಳ್ಳೆಯವನನ್ನು ದೇವರು ಕೆಡಿಸಿದ ಎನ್ನುವ ಓದು ಮಾತ್ರ ನಿಲ್ಲುವುದಿಲ್ಲ. 5:2ರಲ್ಲೇ ಅವನು 'ಯೆಹೋವನು ಯಾರು' ಎಂದು ಕೇಳಿಯಾಗಿದೆ.

ದೀಪದಕಂಬ:
ಹೃದಯ ಗಟ್ಟಿಯಾಗುವ ಗಳಿಗೆಯನ್ನು ಗಮನಿಸಿ. ಹಾಸಿಗೆ, ಒಲೆ, ಹಿಟ್ಟು ನಾದುವ ಪಾತ್ರೆಯಲ್ಲೆಲ್ಲ ಕಪ್ಪೆ. ಯಾವಾಗ ಪ್ರಾರ್ಥಿಸಲಿ ಎಂದು ಇಸ್ರಾಯೇಲರ ನಾಯಕ ಮೋಶೆ ಕೇಳಿದರೆ ಫರೋಹನ ಉತ್ತರ, 'ನಾಳೆ'. ಸತ್ತ ಕಪ್ಪೆಗಳ ರಾಶಿಯಿಂದ ನಾಡೆಲ್ಲ ನಾರುತ್ತಿತ್ತು. ಉಪಶಮನ ಸಿಕ್ಕಿದ್ದೇ ತಡ, ಮನಸ್ಸು ತಿರುಗಿತು. ಐದನೇ ಬಾಧೆಯಲ್ಲಿ ಆಳು ಕಳಿಸಿ ವಿಚಾರಿಸುತ್ತಾನೆ: ಇಸ್ರಾಯೇಲರ ಪಶುಗಳಲ್ಲಿ ಒಂದೂ ಸತ್ತಿಲ್ಲ. ಗೊತ್ತಾದ ಮೇಲೂ ಬಗ್ಗಲಿಲ್ಲ. ಗೊತ್ತಿಲ್ಲದೆ ಹಟ ಮಾಡುತ್ತಿದ್ದಾನೆ ಎನ್ನುವವರಿಗೆ ಈ ವಚನ (9:7) ತೋರಿಸಿ.

ಫರೋಹನ ಚೌಕಾಸಿಯನ್ನೂ ಬಿಡಬೇಡಿ. ಈ ದೇಶದಲ್ಲೇ ಯಜ್ಞ ಮಾಡಿ. ಹೋಗಿ, ಆದರೆ ಬಹಳ ದೂರ ಬೇಡ. ಗಂಡಸರು ಮಾತ್ರ ಹೋಗಲಿ. ದನಕುರಿ ಇಲ್ಲೇ ಇರಲಿ. ಪ್ರತಿ ಸಲ ಒಂದಿಷ್ಟು ಬಿಟ್ಟುಕೊಡುತ್ತಾನೆ, ಕೊನೆಯ ಮಾತು ಮಾತ್ರ ತನ್ನದೇ ಆಗಿರಬೇಕು. ಐಗುಪ್ತ ಹಾಳಾದದ್ದು ಅವನ ಸೇವಕರಿಗೇ ಕಾಣುತ್ತದೆ (10:7), ಅವನಿಗೆ ಕಾಣುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದೇ.

ಸಾಸಿವೆಕಾಳು:
9:27ರಲ್ಲಿ ಪಾಪ ಮಾಡಿದ್ದೇನೆ ಅನ್ನುತ್ತಾನಲ್ಲ?

ಹಳೆಓದುಗ:
ಮರುವಚನದಲ್ಲೇ ಗುಡುಗು, ಆಲಿಕಲ್ಲು ನಿಲ್ಲಿಸಿ ಎನ್ನುತ್ತಾನೆ. ನಿಂತದ್ದನ್ನು ಕಂಡ ಕೂಡಲೇ ಮತ್ತೆ ಮೊದಲಿನಂತೆ (9:34). ಇಸ್ರಾಯೇಲರ ಮೊದಲ ಅರಸ ಸೌಲನದೂ ಇದೇ ಜಾತಿ: ಪಾಪ ಒಪ್ಪಿಕೊಂಡ ಬಾಯಲ್ಲೇ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅನ್ನುತ್ತಾನೆ (1 ಸಮುವೇಲ 15:30). ಮುಂದೆ ಅರಸನಾದ ದಾವೀದನ ಪಾಪದ ಒಪ್ಪಿಗೆಗೆ (2 ಸಮುವೇಲ 12:13) ಇಂಥ ಬಾಲ ಇಲ್ಲ.

ಗುಂಪಿಗೆ ಎರಡು ಬಣ್ಣದ ಪೆನ್ಸಿಲ್ ಕೊಡಿ. 8ರಿಂದ 10ನೇ ಅಧ್ಯಾಯದಲ್ಲಿ ಫರೋಹ ಮಣಿಯುವ ಮಾತಿಗೆ ಒಂದು ಬಣ್ಣ, ಮಾತು ತಪ್ಪುವ ಜಾಗಕ್ಕೆ ಇನ್ನೊಂದು. ಎರಡರ ನಡುವೆ ಎಷ್ಟು ವಚನಗಳಿವೆ ಎಂದು ಅವರೇ ಎಣಿಸಲಿ.