ಅಪ್‌ಡೇಟ್: ತೋಟದಲ್ಲಿ ಗ್ಯಾಸ್ ಪೈಪ್‌ಲೈನ್, ತಕರಾರು ಅರ್ಜಿ ಕೊಟ್ವಿ

ಹೋದ ತಿಂಗಳು ಕೇಳಿದ್ನಲ್ಲ, ಅಡಿಕೆ ತೋಟದ ನಡುವೆ ಗ್ಯಾಸ್ ಪೈಪ್‌ಲೈನ್ ಹಾಕ್ತಾರಂತೆ, ತಡೆಯೋಕೆ ದಾರಿ ಇದ್ಯಾ ಅಂತ. 1962ರ ಪೈಪ್‌ಲೈನ್ ಕಾಯ್ದೆ ಓದಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅಧಿಸೂಚನೆ ಆಗಿ 21 ದಿನದೊಳಗೆ ತಕರಾರು ಕೊಡ್ಬೇಕು ಅನ್ನೋದೇ ಊರಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, 19ನೇ ದಿನ ಪಹಣಿ ಜೆರಾಕ್ಸ್ ಹಿಡ್ಕೊಂಡು ಎಲ್ಲರೂ ಹೋಗಿ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡು ಬಂದ್ವಿ. ಜಮೀನು ನಿಮ್ಮ ಹೆಸರಲ್ಲೇ ಇರುತ್ತೆ ಅಂತಾರೆ, ನಿಜಾನೇ, ಆದ್ರೆ ಪೈಪ್ ಹಾದುಹೋಗೋ ಆ ಉದ್ದನೆಯ ಜಾಗದಲ್ಲಿ ಮರ ನೆಡೋ ಹಾಗಿಲ್ಲ, ಬಾವಿ ತೋಡೋ ಹಾಗಿಲ್ಲ, ಮನೆ ಕಟ್ಟೋ ಹಾಗಿಲ್ಲ, ಅದಕ್ಕೆ ಕಾಯ್ದೆ ಪ್ರಕಾರ ಸಿಗೋದು ಮಾರುಕಟ್ಟೆ ಬೆಲೆಯ 10% (ಬೆಳೆ ನಷ್ಟ ಬೇರೆ). ಅಪ್ಪ ನೆಟ್ಟ ಮರಗಳಿಗೆ ಕೆಂಪು ಪೇಂಟ್ ಗುರುತು ಹಾಕಿ ಹೋಗಿದಾರೆ, ಅಮ್ಮ ದಿನಾ ಬೆಳಿಗ್ಗೆ ಅದನ್ನ ಬೆರಳಲ್ಲಿ ಉಜ್ಜಿ ನೋಡ್ತಾರೆ, ನೋಡೋಕಾಗಲ್ಲ. ಇನ್ನು ವಿಚಾರಣೆ ಇದೆ, ಗೋಮಾಳದ ಅಂಚಲ್ಲಿ ಲೈನ್ ತಿರುಗಿಸಿ ಅಂತ ನಕ್ಷೆ ಸಮೇತ ಕೇಳ್ತೀವಿ.